ಹುಲ್ಲು ಕದ್ದವರ ಸಾಕ್ಷಿ

ಮೇ 2

ರಾಷ್ಟ್ರೀಯ ಉದ್ಯಾನದ ಕಚೇರಿಯವರು ಈ ಪುಸ್ತಕ ಕೊಟ್ಟದ್ದು ಕಾಡುಕುರಿ ಎಷ್ಟು ಕಂಡವು, ರಣಹದ್ದು ಎಲ್ಲಿ ಗೂಡು ಕಟ್ಟಿತು ಎಂದು ಬರೆಯಲಿಕ್ಕೆ. ಅದನ್ನೆಲ್ಲ ಮುಂದಿನ ಹಾಳೆಗಳಲ್ಲಿ ಬರೆಯುತ್ತೇನೆ. ಹಿಂದಿನ ಹಾಳೆಗಳು ನನ್ನವು. ಐದು ತಿಂಗಳು ಈ ಕಲ್ಲಿನ ಗುಡಿಸಲಲ್ಲಿ ಒಬ್ಬನೇ ಇರುವವನು ಯಾರ ಜೊತೆಗಾದರೂ ಮಾತಾಡಲೇಬೇಕು. ಗೋಡೆಯ ಜೊತೆ ಮಾತಾಡಿದರೆ ಬಿಹಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಬರೆದರೆ ಯಾರೂ ಏನೂ ಅನ್ನುವುದಿಲ್ಲ.

ಇವತ್ತು ರಾಜಧಾನಿ ರಬಾತಿನಿಂದ ಸರ್ವೆಯವರು ಮೂವರು ಬಂದಿದ್ದರು. ಒಳ್ಳೆಯ ಜನ. ಹೋದ ಎರಡು ವರ್ಷವೂ ಇದೇ ಹೊತ್ತಿಗೆ, ನನ್ನ ಕಣ್ಣಿಗೆ ಬೀಳದೆ, ಆ ಕಡೆಯ ಕಣಿವೆಯಿಂದ ಬಂದು ಫೋಟೋ ತೆಗೆದುಕೊಂಡು ಹೋಗಿದ್ದರಂತೆ. ಸುಣ್ಣ ಬಳಿದ ಗಡಿಕಲ್ಲುಗಳ ಆಚೆ ಹುಲ್ಲು ಮೊಣಕಾಲಿನವರೆಗೆ ಬಂದಿದೆ, ಹಳದಿ ಹೂ ಬಿಟ್ಟಿದೆ. ಇಷ್ಟು ಚೆನ್ನಾದ ಅಗ್ದಾಲ್, ಕಾಲ ಬರುವವರೆಗೆ ಮುಚ್ಚಿ ಕಾಯುವ ಹುಲ್ಲುಗಾವಲು, ಈ ಸುತ್ತಿನ ಯಾವ ಊರಿಗೂ ಇಲ್ಲ. ಅವರಲ್ಲಿ ಹಿರಿಯವನು ಕೇಳಿದ:

"ಇಲ್ಲಿ ಯಾರಾದ್ರೂ ದನ ಕುರಿ ಮೇಯಿಸ್ತಾರಾ?"

"ಮೇಯಿಸೋದಾ? ನಾನು ಬದುಕಿರೋವರ್ಗೂ ಒಂದು ಮೇಕೆ ಕಾಲು ಈ ಕಲ್ಲು ದಾಟಲ್ಲ. ಬಿಹಿ ಕಾವಲು ಅಂದ್ರೆ ಏನು ಅಂತ ಕಣಿವೇಲಿ ಯಾರನ್ನ ಬೇಕಾದ್ರೂ ಕೇಳಿ."

"ಅಂದ್ರೆ ಯಾರೂ ಬರಲ್ಲ?"

"ನೊಣ ಕೂಡ ಬರಲ್ಲ."

ಬರೆದುಕೊಂಡು ನನಗೆ ಓದಿ ಹೇಳಿದರು: ಈ ಭೂಮಿಯಲ್ಲಿ ಯಾರೂ ಮೇಯಿಸುವುದಿಲ್ಲವೆಂದು ಕಾವಲುಗಾರನ ಹೇಳಿಕೆ. ಸರಿಯಾಗಿದೆ ಎಂದು ಸಹಿ ಹಾಕಿದೆ. ಬೆರಳು ಒತ್ತುವವರ ಊರಿನಲ್ಲಿ ಸಹಿ ಹಾಕುವವನು ನಾನು. ಮಸೀದಿಯ ಶಾಲೆಯಲ್ಲಿ ನಾಲ್ಕು ವರ್ಷ ಕೂತದ್ದು ಪುಕ್ಕಟೆ ಹೋಗಲಿಲ್ಲ. ಹತ್ತೊಂಬತ್ತು ವರ್ಷ ಕಾದದ್ದಕ್ಕೆ ಸರ್ಕಾರದ ಕಾಗದದಲ್ಲಿ ಒಂದು ಸಾಲಾದರೂ ಸಿಕ್ಕಿತು. ಚಹಾ ಕುಡಿಸಿ ಕಳಿಸಿದೆ.

ಮೇ 9

ಕಳ್ಳಿ ಇಜ್ಜಾ ಮತ್ತೆ ಸಿಕ್ಕಿಬಿದ್ದಳು. ಗಂಡ ಸತ್ತ ಮೇಲೆ ಅವಳಿಗಿರುವುದು ಒಂದು ಹಸು ಮತ್ತು ಎಲುಬಿಲ್ಲದ ಒಂದು ನಾಲಿಗೆ. ಬಂಡೆಯ ಹಿಂದೆ ಕೂತು ಕುಡುಗೋಲು ಆಡಿಸುತ್ತಿದ್ದಳು.

"ಬೀಜ ಉದುರೋವರ್ಗೂ, ಆಗಸ್ಟ್ ಹತ್ತರವರ್ಗೂ, ಈ ಕಲ್ಲಿನಾಚೆ ಯಾರೂ ಕಾಲಿಡಬಾರ್ದು ಅಂತ ಗೊತ್ತಿಲ್ವೇನೇ?"

"ನಂಗೆ ಗೊತ್ತು ದಾ ಬಿಹಿ. ನಮ್ಮ ಹಸೂಗೆ ಗೊತ್ತಿಲ್ಲ."

ಹಿರಿಯರ ಹೆಸರಿಗೆ ಎಲ್ಲರೂ ಸೇರಿಸುವ 'ದಾ' ಅವಳ ಬಾಯಲ್ಲಿ ಬೈಗುಳದಂತೆ ಕೇಳಿಸುತ್ತದೆ. ಹುಲ್ಲಿನ ಹೊರೆ ಕಿತ್ತುಕೊಂಡು, ದಂಡ ಹೇಳಿದೆ: ಊರ ಪಂಚಾಯಿತಿ ನಡೆಸುವ ಜಮಾತಿನ ಹನ್ನೆರಡು ಹಿರಿಯರಿಗೆ ಊಟ.

"ಹಾಕ್ತೀನಿ ಬಿಡು. ನೀನೂ ಬಂದು ಉಣ್ಣು. ದಂಡದ ಊಟ ನಿಂಗೆ ಚೆನ್ನಾಗಿ ಅರಗುತ್ತೆ" ಎಂದು ನಗುತ್ತ ಇಳಿದು ಹೋದಳು. ಈ ಊರಿನಲ್ಲಿ ಕಳ್ಳರಲ್ಲದವರು ಯಾರು? ಎಲ್ಲರ ಕಣ್ಣೂ ಈ ಹುಲ್ಲಿನ ಮೇಲೆ. ಅದಕ್ಕೇ ನನ್ನ ದುರ್ಬೀನು ಸದಾ ಊರಿನ ದಾರಿಯ ಕಡೆಗೇ ಇರುತ್ತದೆ.

ಮೇ 28

ಮಗಳು ತೂಡಾ ಓಡುತ್ತ ಹತ್ತಿ ಬಂದಳು. ಅವಳು ಬೆಟ್ಟ ಹತ್ತಲು ಬರುವ ಪ್ರವಾಸಿಗಳಿಗೆ ದಾರಿ ತೋರಿಸುವವಳು, ಏದುಸಿರು ಬಿಡುವ ಪೈಕಿ ಅಲ್ಲ. ಇವತ್ತು ಬಿಡುತ್ತಿದ್ದಳು.

ಕೆಳಗೆ ಆಡಳಿತ ಕಚೇರಿಯ ಗೋಡೆಗೆ ನೋಟೀಸು ಅಂಟಿಸಿದ್ದಾರೆ. ಉದ್ಯಾನದೊಳಗಿನ ಈ ಮೈದಾನವನ್ನು ಪ್ರವಾಸೋದ್ಯಮಕ್ಕೆ ಬಿಟ್ಟುಕೊಡಬೇಕೆಂದು ಯಾವುದೋ ಕಂಪನಿ ಅರ್ಜಿ ಹಾಕಿದೆ. ಎಂಬತ್ತು ಬಂಗಲೆ, ಕೆಳಗಿನಿಂದ ಮೇಲಕ್ಕೆ ತಂತಿಯ ಮೇಲೆ ತೂಗುವ ಡಬ್ಬಿಗಳು, ನಡುವೆ ಒಂದು ಕೆರೆ. ಆ ಕೆರೆಗೆ ನೀರು ನಮ್ಮ ಮೂರು ಬುಗ್ಗೆಗಳದ್ದು. ಊರಿನ ಬಾರ್ಲಿ, ಅಕ್ರೋಟು ಮರಗಳು, ಕುಡಿಯುವ ನೀರು ಎಲ್ಲ ಆ ಬುಗ್ಗೆಗಳಿಂದ.

"ಜನ ಮೇಯಿಸೋ ನೆಲ ಆದ್ರೆ ಮುಟ್ಟೋ ಹಾಗಿಲ್ವಂತೆ ಬಾಬಾ. ಇದು ಯಾರೂ ಬಳಸದ ನೆಲ ಅಂತ ಬರೆದಿದ್ದಾರೆ."

"ಯಾವ ಸುಳ್ಳುಬುರುಕ ಹಾಗಂದ?"

ಅವಳು ನನ್ನ ಮುಖ ನೋಡಲಿಲ್ಲ. ಕಚೇರಿಯ ಗೋಡೆಯಿಂದ ಮೊಬೈಲಿನಲ್ಲಿ ತೆಗೆದುಕೊಂಡು ಬಂದ ಚಿತ್ರ ತೋರಿಸಿದಳು. ಕೆಳಗಡೆ ನನ್ನ ಸಹಿ ಇತ್ತು. ಚೆನ್ನಾಗಿಯೇ ಬರೆದಿದ್ದೆ.

ಮೇ 29

ಅನ್ನ ನೀರು ಸೇರಲಿಲ್ಲ. ಮಾತು ಆಡಿದರೆ ಹೋಯಿತು.

ಜೂನ್ 3

ಉದ್ಯಾನದ ಕಚೇರಿಗೆ ಹೋಗಿದ್ದೆ. ಅಲ್ಲಿ ಇಂಜಿನಿಯರ್ ನಜಾತ್ ಎಂಬ ಹುಡುಗಿ ಇದ್ದಾಳೆ, ಓದಿದವಳು, ಕೆಟ್ಟವಳಲ್ಲ. ಮೇಜಿನ ಮೇಲೆ ಫೋಟೋಗಳನ್ನು ಹರಡಿದಳು. ಮೂರು ವರ್ಷದ ಫೋಟೋ, ಎಲ್ಲವೂ ಏಪ್ರಿಲ್, ಮೇ ತಿಂಗಳಿನವು. ಹುಲ್ಲು, ಹೂವು, ಬುಗ್ಗೆ. ಒಂದು ಕುರಿಯಿಲ್ಲ, ಒಬ್ಬ ಮನುಷ್ಯನಿಲ್ಲ.

"ಅದು ಮುಚ್ಚಿರೋ ಕಾಲ ತಾಯಿ! ನಾವೇ ಖಾಲಿ ಇಡೋದು! ಹುಲ್ಲಿಗೆ ಬೀಜ ಆಗ್ಲಿ ಅಂತ!"

"ನಂಗೆ ಗೊತ್ತು ದಾ ಬಿಹಿ. ಕಾಗದಕ್ಕೆ ಗೊತ್ತಿಲ್ಲ. ಖಾಲಿ ಇಟ್ಟಿದ್ದಾರೋ ಖಾಲಿ ಬಿದ್ದಿದೆಯೋ ಫೋಟೋದಲ್ಲಿ ಗೊತ್ತಾಗಲ್ವಲ್ಲ. ಮುಚ್ಚಿದ್ದಕ್ಕೆ ಬರಹದಲ್ಲಿ ಏನಾದ್ರೂ ಇದ್ಯಾ?"

ನಮ್ಮ ಅಜ್ಜಂದಿರ ಅಜ್ಜಂದಿರು ಬಾಯಲ್ಲಿ ಹೇಳಿದ್ದನ್ನು ನಾವು ಬಾಯಲ್ಲೇ ಇಟ್ಟುಕೊಂಡಿದ್ದೇವೆ. ದಂಡವನ್ನು ಊಟ ಹಾಕಿಸಿ ತೀರಿಸುತ್ತೇವೆ, ಉಂಡ ಊಟಕ್ಕೆ ರಸೀದಿ ಎಲ್ಲಿಂದ ತರುವುದು? ಜುಲೈ 24ಕ್ಕೆ ಕಂಪನಿಯ ಅರ್ಜಿ ತೀರ್ಮಾನಿಸುವ ಸರ್ಕಾರದ ಆಯೋಗದವರು ಜಾಗ ನೋಡಲು ಬರುತ್ತಾರಂತೆ. ಮುಚ್ಚಿರುವ ಕಾಲದಲ್ಲೇ ಬರುತ್ತಾರೆ. ಹದಿನೇಳು ದಿನ ತಡವಾಗಿ ಬಂದಿದ್ದರೆ ಮೂರು ಸಾವಿರ ಕುರಿಗಳನ್ನು ಕಾಣುತ್ತಿದ್ದರು.

"ದಿನ ಮುಂದಕ್ಕೆ ಹಾಕಿ" ಎಂದೆ. "ಕೇಳಿದೆ. ಆಗಲ್ಲ ಅಂದ್ರು" ಎಂದಳು.

ಜೂನ್ 11

ಜಮಾತ್ ಸೇರಿತ್ತು. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು.

ಹರೆಯದವರದು ಒಂದೇ ಮಾತು: ಜುಲೈನಲ್ಲೇ ಕುರಿ ಬಿಡೋಣ, ಆಯೋಗದವರು ಬಂದು ಕಣ್ಣಾರೆ ನೋಡಲಿ. ಆ ಗುಂಪಿನಲ್ಲಿ ಎಲ್ಲರಿಗಿಂತ ಜೋರು ದನಿ ನನ್ನ ಮಗಳದ್ದು. "ನಡ್ಕೊಂಡು ಬರೋ ಪ್ರವಾಸಿಗಳು ಬರ್ಲಿ, ಅವರು ನಮ್ಮ ಮನೇಲಿ ಮಲಗ್ತಾರೆ, ನಮ್ಮ ರೊಟ್ಟಿ ತಿಂತಾರೆ. ಅವರಿಂದ್ಲೇ ನನ್ನ ಬದುಕು. ಈ ಬಂಗಲೆಯೋರು ಬೇಲಿ ಹಾಕಿ ನಮ್ಮನ್ನೇ ಆಚೆ ನಿಲ್ಲಿಸ್ತಾರೆ. ಹುಲ್ಲು ಒಂದು ವರ್ಷ ಹಾಳಾದ್ರೆ ಆಗ್ಲಿ."

ಊರ ಹಿರಿಯ ದಾ ಹಮ್ಮೂಗೆ ಎಂಬತ್ತು ದಾಟಿದೆ. ಗಡ್ಡ ನೀವಿಕೊಂಡು ಹೇಳಿದರು: "ನನ್ನ ಅಜ್ಜ ಬರದ ವರ್ಷ ಕೂಡ ತೆರೀಲಿಲ್ಲ. ಮಕ್ಕಳಿಗೆ ಬೇರು ಬೇಯಿಸಿ ಹಾಕಿದ, ತೆರೀಲಿಲ್ಲ. ನಾವೇ ಕಲ್ಲು ದಾಟಿದ್ರೆ, ಇಲ್ಲಿ ಕಲ್ಲೇ ಇಲ್ಲ ಅಂತ ಅವರಂದಾಗ ಏನು ಹೇಳ್ತೀರಿ?"

ತೀರ್ಮಾನ ಆಗದೆ ಎದ್ದರು. ನನಗೆ ಯಾವುದು ಸರಿ ಎಂದು ತಿಳಿಯದು. ಕಾವಲುಗಾರನಿಗೆ ತಿಳಿಯಬೇಕಾದ ಕೆಲಸ ಒಂದೇ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ.

ಜೂನ್ 20

ಹುಲ್ಲಿನ ನಡುವೆ ಕೆಂಪು ತಲೆಯ ಗೂಟಗಳನ್ನು ಹೊಡೆದು ಹೋಗಿದ್ದಾರೆ, ನಲವತ್ತೋ ಐವತ್ತೋ. ತುಳಿದ ಜಾಡು ಹಾವು ಹರಿದಂತೆ ಬುಗ್ಗೆಯವರೆಗೆ ಹೋಗಿದೆ. ಕಿತ್ತೆಸೆಯಲು ಹೋದೆ. ಅದಕ್ಕೂ ಕಲ್ಲು ದಾಟಬೇಕಲ್ಲ ಎಂದು ನಿಂತೆ.

ಮಧ್ಯಾಹ್ನ ಕಂಪನಿಯ ತೌಫೀಕ್ ಬಂದ, ಗೌರವಕ್ಕೆ ಹೆಸರಿನ ಮುಂದೆ ಹಚ್ಚುವ 'ಸಿ' ಸೇರಿಸಿ ಸಿ ತೌಫೀಕ್. ನೀಟಾದ ಬೂಟು, ನೀಟಾದ ಮಾತು. ನಾನು ಕೊಟ್ಟ ಚಹಾ ಕುಡಿದು ಹೇಳಿದ: "ಚಾಚಾ, ನಿಮ್ಮಂಥ ಕಾವಲುಗಾರ ನಮಗೆ ಬೇಕು. ಸಮವಸ್ತ್ರ, ತಿಂಗಳ ಸಂಬಳ, ಚಳಿಗಾಲಕ್ಕೂ ಕೆಲಸ. ನೀವು ಹೊಸದಾಗಿ ಏನೂ ಹೇಳೋದು ಬೇಡ. ಮೊದಲು ಹೇಳಿದ್ದನ್ನೇ ಆಯೋಗದ ಮುಂದೆ ಹೇಳಿದ್ರೆ ಸಾಕು. ಸತ್ಯನೇ ತಾನೇ?"

ಸತ್ಯವೇ. ಮೈಯೆಲ್ಲ ಉರಿದದ್ದು ಅದಕ್ಕೇ. ಲೋಟ ಕಿತ್ತುಕೊಂಡು ಉಳಿದ ಚಹಾ ಚೆಲ್ಲಿದೆ. ನಮ್ಮಲ್ಲಿ ಅತಿಥಿಗೆ ಹಾಗೆ ಮಾಡಬಾರದು. ಮಾಡಿದೆ.

ದುರ್ಬೀನನ್ನು ಈಗ ಆ ಕಡೆಯ ಕಣಿವೆಗೆ, ಜೀಪು ಬರುವ ರಸ್ತೆಗೆ ತಿರುಗಿಸಿ ಇಟ್ಟಿದ್ದೇನೆ.

ಜುಲೈ 2

ಬಲಗೈ ನೋಯುತ್ತಿದೆ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ತೂಡಾ ಮತ್ತು ಏಳು ಜನ ಹರೆಯದವರು ಮುನ್ನೂರು ಕುರಿ ಹೊಡೆದುಕೊಂಡು ಹತ್ತಿ ಬಂದರು. ನಾನು ಕೋಲು ಅಡ್ಡ ಹಿಡಿದು ಕಲ್ಲಿನ ಮೇಲೆ ನಿಂತೆ.

"ಪಕ್ಕಕ್ಕೆ ಸರಿ ಬಾಬಾ."

"ಸರಿಯಲ್ಲ."

"ಹುಲ್ಲು ಉಳಿಸಿ ನೆಲ ಕಳ್ಕೋತೀಯಾ?"

ಹೆತ್ತ ಮಗಳ ಕಣ್ಣಿನಲ್ಲಿ ನೀರು ನೋಡಿಯೂ ಕೋಲು ಇಳಿಸಲಿಲ್ಲ. ಕುರಿಗೆ ಇಂಥ ಮಾತುಕತೆ ಅರ್ಥವಾಗುವುದಿಲ್ಲ. ಒಂದು ಟಗರು ನನ್ನ ಪಕ್ಕದಿಂದ ನುಗ್ಗಿತು. ಕೊಂಬು ಹಿಡಿದು ಎಳೆದೆ. ಅದು ನನ್ನನ್ನೇ ಎಳೆದು ಕಲ್ಲಿಗೆ ಹಾಕಿತು. ಅಂಗೈ ಸೀಳಿ ರಕ್ತ ಬಂತು, ಆದರೂ ಕೊಂಬು ಬಿಡಲಿಲ್ಲ. ಹಿಂದೆ ಮುನ್ನೂರು ಕುರಿ ಒತ್ತುತ್ತಿದ್ದವು. ಇನ್ನೊಂದು ಕ್ಷಣ, ಎಲ್ಲ ಮುಗಿಯುತ್ತಿತ್ತು.

ಆಗ ಗಡಿಯೊಳಗಿನ ಎತ್ತರದ ಹುಲ್ಲಿನಿಂದ ಇಜ್ಜಾ ಎದ್ದು ನಿಂತಳು. ಕೈಯಲ್ಲಿ ಕುಡುಗೋಲು, ಬೆನ್ನ ಮೇಲೆ ಅರ್ಧ ಹೊರೆ.

"ಎಲ್ಲಿಗ್ರೋ ಬರ್ತಿದ್ದೀರಾ? ಇವತ್ತು ನೀವೆಲ್ಲ ಮೇಯಿಸಿಬಿಟ್ರೆ ನಾಳೆ ನಾನು ಎಲ್ಲಿ ಕದೀಲಿ?"

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ. ಅವಳು ಬಂದು ನನ್ನ ಪಕ್ಕದಲ್ಲೇ ಕಲ್ಲಿನ ಮೇಲೆ ನಿಂತಳು. ಬಿಸಿ ಇಳಿಯಿತು. ತೂಡಾ ಕುರಿಗಳನ್ನು ತಿರುಗಿಸಿದಳು.

ಇಜ್ಜಾ ತನ್ನ ತಲೆವಸ್ತ್ರದ ಅಂಚು ಹರಿದು ನನ್ನ ಕೈ ಕಟ್ಟಿದಳು. ಕಟ್ಟುತ್ತ ಹೇಳಿದಳು: "ಖಾಲಿ ನೆಲದಲ್ಲಿ ಕದಿಯೋಕೇನಿರುತ್ತೆ ದಾ ಬಿಹಿ? ಕಳ್ಳರಿದ್ದಾರೆ ಅಂದ್ರೆ ಅಲ್ಲಿ ಕಾಯೋ ಅಂಥದ್ದು ಏನೋ ಇದೆ ಅಂತ ತಾನೇ? ಆ ಆಯೋಗದೋರ ಮುಂದೆ ನಮ್ಮನ್ನ ನಿಲ್ಲಿಸು. ಕದ್ವಿ, ದಂಡ ಕೊಟ್ವಿ ಅಂತೀವಿ."

ಇಷ್ಟು ಬುದ್ಧಿಯ ಮಾತನ್ನು ಜಮಾತಿನ ಹನ್ನೆರಡು ಗಡ್ಡಗಳಲ್ಲಿ ಒಂದೂ ಆಡಿರಲಿಲ್ಲ. ಅಷ್ಟಕ್ಕೇ ಅವಳು ನಿಲ್ಲಿಸಿದ್ದರೆ ಚೆನ್ನಾಗಿತ್ತು. ಗಂಟು ಬಿಗಿಯುತ್ತ, ತಗ್ಗಿದ ದನಿಯಲ್ಲಿ, "ಆರು ವರ್ಷದ ಹಿಂದೆ, ಶುಕ್ರವಾರ ಊರೆಲ್ಲ ನಮಾಜಿಗೆ ಹೋಗಿದ್ದಾಗ, ನಾನೂ ಇಲ್ಲೇ ಹುಲ್ಲೊಳಗಿದ್ದೆ" ಎಂದಳು.

ಹೊರೆಯನ್ನು ನನ್ನ ಕಾಲ ಬಳಿ ಇಳಿಸಿ ಹೋದಳು. ನಾನು ದಂಡ ಹೇಳಲಿಲ್ಲ.

ಜುಲೈ 3

ಬರೆದುಬಿಡುತ್ತೇನೆ. ಆ ವರ್ಷ ಹೆಂಡತಿ ಹಾಸಿಗೆ ಹಿಡಿದಿದ್ದಳು. ಹಾಲು ಬಿಟ್ಟು ಏನೂ ಇಳಿಯುತ್ತಿರಲಿಲ್ಲ. ಮಳೆಯಿಲ್ಲದೆ ಕೆಳಗೆ ಎಲ್ಲ ಸುಟ್ಟುಹೋಗಿತ್ತು, ಹಸುವಿನ ಕೆಚ್ಚಲು ಬತ್ತಿತ್ತು. ಶುಕ್ರವಾರ ಮಧ್ಯಾಹ್ನ ನಾನೇ ಕಲ್ಲು ದಾಟಿ ಎರಡು ಹೊರೆ ಕೊಯ್ದೆ. ಹಸು ಹಾಲು ಕೊಟ್ಟಿತು. ಅವಳು ಹನ್ನೊಂದು ದಿನ ಕುಡಿದು ಹೋದಳು. ಅದಾಗಿ ಒಂದು ವಾರಕ್ಕೆ ಎರಡು ಹಿಡಿ ಹುಲ್ಲಿಗಾಗಿ ಇಜ್ಜಾಗೆ ದಂಡ ಹಾಕಿದ್ದೆ. ಅವಳು ಹಾಕಿದ ಊಟವನ್ನು ಉಂಡೂ ಇದ್ದೆ. ಅವಳು ಬಡಿಸುತ್ತಿದ್ದಳು, ಬಾಯಿ ಬಿಡಲಿಲ್ಲ.

ಜುಲೈ 12

ಮೂರು ದಿನದಿಂದ ಮನೆ ಮನೆ ತಿರುಗುತ್ತಿದ್ದೇನೆ. ದಂಡ ಕೊಟ್ಟವರೆಲ್ಲ ಬಂದು ಆಯೋಗದ ಮುಂದೆ ಒಪ್ಪಿಕೊಳ್ಳಿ ಎಂದು ಕೇಳಲು. ಹತ್ತೊಂಬತ್ತು ವರ್ಷದಲ್ಲಿ ನಾನು ಹಿಡಿದವರು ಐವತ್ತಕ್ಕೆ ಕಡಿಮೆಯಿಲ್ಲ. ಈಗ ಒಬ್ಬನೂ ಕಳ್ಳನಲ್ಲ!

"ನಾನಾ? ನಾನ್ಯಾವಾಗ ಕದ್ದೆ? ಅದು ಮೇಕೆ ತಪ್ಪಿಸ್ಕೊಂಡು ಹೋಗಿದ್ದು."

"ನಮ್ಮ ಮನೆ ಹೆಸರು ಸರ್ಕಾರದ ಕಾಗದದಲ್ಲಿ ಕಳ್ಳರು ಅಂತ ಬರೆಸ್ತೀಯಾ? ಮಗಳಿಗೆ ಗಂಡು ಎಲ್ಲಿ ಸಿಗ್ತಾನೆ?"

"ನೀನು ಸಹಿ ಹಾಕಿದ್ದು, ನೀನೇ ಅಳಿಸು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆಂದು ಕೇಳಿದ್ದೆ. ಇಲ್ಲಿ ಹೆಗಲನ್ನೇ ಮನೆಯೊಳಗೆ ಬಿಟ್ಟು ಬರುತ್ತಾರೆ. ಒಪ್ಪಿಕೊಂಡವಳು ಇಜ್ಜಾ ಒಬ್ಬಳೇ.

ಆದರೆ ಅವರನ್ನು ಬೈಯಲು ಮನಸ್ಸು ಬರಲಿಲ್ಲ. ಪ್ರತಿ ಮನೆಯಲ್ಲೂ ಕೂರಿಸಿ ರೊಟ್ಟಿ, ಬೆಣ್ಣೆ, ಚಹಾ ಕೊಟ್ಟರು. ದಂಡದ ಊಟಕ್ಕಲ್ಲದೆ ಈ ಮನೆಗಳ ಒಳಗೆ ನಾನು ವರ್ಷಗಳಿಂದ ಕಾಲಿಟ್ಟಿರಲಿಲ್ಲ. ನಮ್ಮವರು ಹೀಗೇ.

ಜುಲೈ 23

ನಾಳೆ. ದಾ ಹಮ್ಮೂ ಮಾತಾಡುತ್ತಾರೆ, ಇಜ್ಜಾ ಹೇಳುತ್ತಾಳೆ, ನಜಾತ್ ಬರೆದುಕೊಳ್ಳುತ್ತಾಳೆ. ನಾನು ನನ್ನ ಹೇಳಿಕೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಷ್ಟೇ ಸಾಕು. ಅಷ್ಟು ಸಾಕಾಗಬೇಕು.

ತೂಡಾ ರೊಟ್ಟಿ ತಂದಿಟ್ಟು ಹೋದಳು.

ಜುಲೈ 24

ಹೇಸರಗತ್ತೆಗಳ ಮೇಲೆ ಕೂರಿಸಿಕೊಂಡು ಆಯೋಗದ ಐದು ಜನರನ್ನು ಹತ್ತಿಸಿದರು. ಅಧ್ಯಕ್ಷ ವಯಸ್ಸಾದವನು, ಬೆವರು ಒರೆಸುತ್ತ ಗಡಿಕಲ್ಲಿನ ಈಚೆ ಚಾಪೆಯ ಮೇಲೆ ಕೂತ. ಇಡೀ ಊರು ಬಂದಿತ್ತು. ಆಚೆ ಹುಲ್ಲು ಹಣ್ಣಾಗಿ ಹೊಂಬಣ್ಣಕ್ಕೆ ತಿರುಗಿತ್ತು. ಒಂದು ಕುರಿಯಿಲ್ಲ.

ಸಿ ತೌಫೀಕ್ ಫೋಟೋಗಳನ್ನು ಒಂದೊಂದಾಗಿ ಇಟ್ಟ. ನನ್ನ ಹೇಳಿಕೆಯನ್ನು ದೊಡ್ಡ ದನಿಯಲ್ಲಿ ಓದಿದ. ನಾನು ಎದ್ದು ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. "ಆವತ್ತು ಸುಳ್ಳು ಹೇಳಿದ್ರಾ?" ಎಂದು ಅಧ್ಯಕ್ಷ ಕೇಳಿದ. "ಇಲ್ಲ" ಎಂದೆ. "ಹಾಗಾದ್ರೆ ಇವತ್ತು ಹೇಳ್ತಿದ್ದೀರಾ?"

ದಾ ಹಮ್ಮೂ ಅಗ್ದಾಲಿನ ವಿಷಯ ಹೇಳಿದರು, ಅಜ್ಜನ ಬರದ ವರ್ಷದಿಂದ. ಸಿ ತೌಫೀಕ್ ತಾಳ್ಮೆಯಿಂದ ಕೇಳಿಸಿಕೊಂಡು ಹೇಳಿದ: "ಕಥೆ ಚೆನ್ನಾಗಿದೆ. ನೋಟೀಸು ಬಂದ ಮೇಲೆ ಹುಟ್ಟಿದ ಕಥೆ."

ಇಜ್ಜಾ ಮುಂದೆ ಬಂದಳು. "ಕದ್ದಿದ್ದೀನಿ. ಸಿಕ್ಕಿಬಿದ್ದದ್ದು ಒಂಬತ್ತು ಸಲ. ಸಿಗದೇ ಇದ್ದದ್ದನ್ನ ನಾನು ಎಣಿಸಿಲ್ಲ."

ಜನ ನಕ್ಕರು, ಅಧ್ಯಕ್ಷನೂ ನಕ್ಕ. ಸಿ ತೌಫೀಕ್ ಕೂಡ ನಕ್ಕು, "ಒಬ್ಬ ಬಡ ಹೆಂಗಸು. ಹೇಳಿಕೊಟ್ಟದ್ದನ್ನ ಹೇಳ್ತಾಳೆ. ಇಡೀ ಊರಿನ ಕಾನೂನಾದ್ರೆ ದಂಡ ಕೊಟ್ಟೋರು ಇವಳೊಬ್ಬಳೇನಾ? ಇನ್ನೊಬ್ಬರು ಯಾರಾದ್ರೂ ಇದ್ದೀರಾ?" ಎಂದ.

ಅಧ್ಯಕ್ಷ ಊರಿನ ಕಡೆ ನೋಡಿದ. ಊರು ತನ್ನ ಚಪ್ಪಲಿಗಳನ್ನು ನೋಡಿಕೊಂಡಿತು. ಗಾಳಿಗೆ ಫೋಟೋಗಳು ಹಾರದಂತೆ ನಜಾತ್ ಕೈ ಇಟ್ಟು ಹಿಡಿದಿದ್ದಳು. ಅಧ್ಯಕ್ಷ ಪೆನ್ನಿನ ಮುಚ್ಚಳ ಹುಡುಕತೊಡಗಿದ. ಇಜ್ಜಾ ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ನಾನು ಬಹುಶಃ ಸುಮ್ಮನಿರುತ್ತಿದ್ದೆ.

"ನಾನು" ಎಂದೆ.

"ನೀವು ಕಾವಲುಗಾರ ಅಲ್ವಾ?"

"ಹೌದು. ನಾನೂ ಕದ್ದಿದ್ದೀನಿ. ಆರು ವರ್ಷದ ಹಿಂದೆ, ಶುಕ್ರವಾರ ನಮಾಜಿನ ಹೊತ್ತಿಗೆ, ಎರಡು ಹೊರೆ. ದಂಡ ಕೊಟ್ಟಿಲ್ಲ. ಯಾರಿಗೂ ಹೇಳಿಲ್ಲ."

ಹಿಂದಿನಿಂದ ಒಂದು ದನಿ ಬಂತು: "ಬೇಲೀನೇ ಎದ್ದು ಹೊಲ ಮೇಯ್ತಲ್ರೋ!"

ಅಲ್ಲಿಂದ ಮುಂದೆ ಯಾರು ಏನೆಂದರು ಎಂದು ನೆನಪಿನಲ್ಲಿಟ್ಟುಕೊಳ್ಳುವುದು ಕಷ್ಟ. ಎಲ್ಲರೂ ಒಟ್ಟಿಗೆ ಎದ್ದರು.

"ನಮ್ಮ ಮೇಕೆ ಬರೀ ಮೂತಿ ಹಾಕಿದ್ದಕ್ಕೆ ಹನ್ನೆರಡು ಜನಕ್ಕೆ ಊಟ ಹಾಕಿಸಿದ್ಯಲ್ಲೋ ಪಾಪಿ!"

"ನಂಗೆ ಮೂರು ಸಲ! ಮದುವೆ ವರ್ಷ ಕೂಡ ಬಿಡ್ಲಿಲ್ಲ! ಮದುಮಗಳ ಮುಂದೆ ಹುಲ್ಲು ಕಿತ್ಕೊಂಡ!"

"ನಮ್ಮಪ್ಪ ಸಾಯೋ ಮುಂಚೆ ದಂಡದ ಕುರಿ ಕೊಯ್ದ, ಈ ಕಳ್ಳ ಕೂತು ಉಂಡ!"

"ತಾನು ಕಳ್ಳ, ಪರರನ್ನ ನಂಬಲ್ಲ ಅಂತಾರಲ್ಲ, ಅದಕ್ಕೇ ದುರ್ಬೀನು ಹಿಡ್ಕೊಂಡು ಕೂರ್ತಿದ್ದ!"

ಮನೆ ಬಾಗಿಲಲ್ಲಿ ಕೈ ಮುಗಿದು ಕೇಳಿದಾಗ ಬಾಯಿ ಬಿಡದವರು ಈಗ ಯಾವ ವರ್ಷ, ಯಾವ ಬಂಡೆ, ಎಷ್ಟು ಹೊರೆ ಎಂದು ಬೆರಳು ಮಡಿಚಿ ಮಡಿಚಿ ನನ್ನ ಮುಖಕ್ಕೆ ಹೊಡೆಯುತ್ತಿದ್ದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತೂಡಾ ಎಲ್ಲಿದ್ದಾಳೆಂದು ನೋಡಲು ಧೈರ್ಯ ಬರಲಿಲ್ಲ.

ಅಧ್ಯಕ್ಷ, "ದಯವಿಟ್ಟು, ಒಂದು ನಿಮಿಷ, ದಯವಿಟ್ಟು..." ಎನ್ನುತ್ತಿದ್ದ.

ದಾ ಹಮ್ಮೂ ಅವನ ಕಡೆ ಕೈ ಎತ್ತಿದರು. "ನೀವು ಸ್ವಲ್ಪ ಇರಿ ಸ್ವಾಮಿ. ಮೊದಲು ಇದು ಮುಗೀಲಿ."

ಜಮಾತಿನ ಹನ್ನೆರಡು ಜನ ಅಲ್ಲೇ ಚಾಪೆಯ ಮೇಲೆ ಸುತ್ತು ಕೂತರು. ಆಯೋಗದವರು ನಿಂತೇ ಇದ್ದರು. ಅವರನ್ನು ಚಾಪೆಯಿಂದ ಎಬ್ಬಿಸಿದ್ದೂ ಯಾರಿಗೂ ಗೊತ್ತಾಗಲಿಲ್ಲ. ವಾದ ನಡೆಯಿತು. ಕಾವಲುಗಾರನ ಕಳ್ಳತನಕ್ಕೆ ಎರಡರಷ್ಟು ಎಂದು ಒಬ್ಬ, ಆರು ವರ್ಷ ಮುಚ್ಚಿಟ್ಟದ್ದಕ್ಕೆ ಮೂರರಷ್ಟು ಎಂದು ಇನ್ನೊಬ್ಬ. "ಅವನ ಹೆಂಡ್ತಿ ಸಾಯೋಕೆ ಬಿದ್ದಿದ್ಳಲ್ರೋ" ಎಂದ ಒಬ್ಬ ಮುದುಕ. "ನನ್ನ ಗಂಡ ಸತ್ತ ವರ್ಷ ನಂಗೇನು ಬಿಟ್ರಾ?" ಎಂದಳು ಇಜ್ಜಾ.

ತೀರ್ಪು: ಎರಡು ಕುರಿ, ಇಡೀ ಊರಿಗೆ ಊಟ, ಇವತ್ತಿನಿಂದ ಕಾವಲು ಇಲ್ಲ. ದಾ ಹಮ್ಮೂ ಎದ್ದು ಬಂದು ನನ್ನ ಕೈಯಿಂದ ಕೋಲು ತೆಗೆದುಕೊಂಡರು.

ಆಮೇಲೆ ಎಲ್ಲರಿಗೂ ಆಯೋಗ ನೆನಪಾಯಿತು.

ಅಧ್ಯಕ್ಷ ನಜಾತ್ ಕಡೆ ತಿರುಗಿದ. "ಇದೆಲ್ಲ ಬರ್ಕೊಂಡ್ರಾ?"

"ಬರ್ಕೊಂಡೆ ಸರ್. ಮೂವತ್ತೊಂದು ಜನ, ವರ್ಷದ ಸಮೇತ."

ಸಿ ತೌಫೀಕ್ ಏನೋ ಹೇಳಲು ಹೋದ. ಅಧ್ಯಕ್ಷ ಫೋಟೋಗಳನ್ನು ಜೋಡಿಸಿ ಅವನ ಕೈಗೆ ಕೊಟ್ಟು ಹೇಸರಗತ್ತೆಯ ಕಡೆ ನಡೆದ.

ಜುಲೈ 25

ಕೈಯಲ್ಲಿ ಕೋಲಿಲ್ಲದೆ ನಡೆಯಲು ಬರುತ್ತಿಲ್ಲ. ಗುಡಿಸಲು ಖಾಲಿ ಮಾಡಿ ಮನೆಗೆ ಬಂದೆ. ಪುಸ್ತಕ ಕಚೇರಿಗೆ ಹೋಗಬೇಕು. ಹಿಂದಿನ ಹಾಳೆಗಳನ್ನು ಹರಿದು ಇಟ್ಟುಕೊಂಡಿದ್ದೇನೆ.

ಸಂಜೆ ತೂಡಾ ಗಂಜಿಯ ತಟ್ಟೆ ಮುಂದಿಟ್ಟು ಕೂತಳು.

"ಆ ಹಾಲು ಅಮ್ಮಂಗೆ ಕುಡಿಸಿದ್ದು ನಾನು."

"ಹೂಂ."

"ಹಾಗಾದ್ರೆ ಒಂದು ಕುರಿ ನಂದು."

ನಾನು ಗಂಜಿ ಉಂಡೆ. ಉಪ್ಪು ಹಾಕುವುದನ್ನು ಮರೆತಿದ್ದಳು, ಹೇಳಲಿಲ್ಲ.

ಆಗಸ್ಟ್ 1

ದಂಡದ ಊಟ ಆಯಿತು. ಬೈದವರೆಲ್ಲ ಬಂದು ಹೊಟ್ಟೆ ತುಂಬ ಉಂಡರು. ಎರಡನೆಯ ಸಲ ಕೇಳಿ ಹಾಕಿಸಿಕೊಂಡವರೂ ಇದ್ದಾರೆ. ನಾನು ಬಡಿಸಿದೆ. ಬಡಿಸುವವನ ಸೊಂಟ ಇಷ್ಟು ನೋಯುತ್ತದೆಂದು ಗೊತ್ತಿರಲಿಲ್ಲ. ಇಜ್ಜಾ ತಟ್ಟೆ ಎತ್ತುವ ಹೊತ್ತಿಗೆ ಬಂದು ಪಾತ್ರೆ ತೊಳೆಯಲು ಕೂತಳು, ನಾನು ಬೇಡವೆಂದರೂ.

ಹೊಸ ಕಾವಲು ಯಾರು ಎಂದು ಅಲ್ಲೇ ಮಾತು ಬಂತು. ಯಾರೂ ಒಪ್ಪಲಿಲ್ಲ, ಐದು ತಿಂಗಳ ಒಂಟಿತನ, ಊರೆಲ್ಲರ ಹಗೆ ಯಾರಿಗೆ ಬೇಕು? "ಲಲ್ಲಾ ಇಜ್ಜಾಗೆ ಕೊಡಿ" ಎಂದೆ, ಗೌರವದ ಹೆಂಗಸರಿಗೆ ಹಚ್ಚುವ 'ಲಲ್ಲಾ' ಸೇರಿಸಿ. ಹೆಂಗಸಿಗಾ ಎಂದರು. "ಯಾವ ಬಂಡೆ ಹಿಂದೆ ಕೂತ್ರೆ ಯಾರಿಗೂ ಕಾಣಲ್ಲ, ಯಾವ ಹೊತ್ತಲ್ಲಿ ಬಂದ್ರೆ ಸಿಗಲ್ಲ, ಅವಳಿಗೆ ಗೊತ್ತಿರೋಷ್ಟು ನಂಗೂ ಗೊತ್ತಿಲ್ಲ. ಆರು ವರ್ಷ ಒಂದು ಮಾತನ್ನ ಹೊಟ್ಟೇಲಿ ಇಟ್ಕೊಂಡವಳು ಹುಲ್ಲು ಕಾಯಲ್ವಾ?" ಎಂದೆ.

ಗಡ್ಡಗಳು ಗೊಣಗಿದವು. ದಾ ಹಮ್ಮೂ ಕೋಲನ್ನು ಅವಳ ಮುಂದೆ ಇಟ್ಟರು. ಅವಳು ಕೈಯ ಬೂದಿ ಒರೆಸಿಕೊಂಡು ತೆಗೆದುಕೊಂಡಳು. ಅವಳ ನಾಲಿಗೆಗೆ ಮಾತು ಸಿಗದೇ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಗಸ್ಟ್ 6

ಕಾಗದ ಬಂತು. ನಜಾತ್ ತಾನೇ ತಂದಳು, ಮಸೀದಿಯ ಕಟ್ಟೆಯ ಮೇಲೆ ನಿಂತು ಓದಿದಳು. ಈ ಭೂಮಿ ಊರಿನ ಕಟ್ಟಳೆಯಿಂದ ಮುಚ್ಚಿ ತೆರೆಯುವ ಹುಲ್ಲುಗಾವಲು ಎಂದು ಉದ್ಯಾನದ ನಕ್ಷೆಯಲ್ಲಿ ಗುರುತಾಗಬೇಕು. ಕಂಪನಿಯ ಅರ್ಜಿ ವಾಪಸು. ಅವರು ಬೇರೆ ಕಣಿವೆ ಹುಡುಕುತ್ತಿದ್ದಾರೆಂದು ಸಣ್ಣ ದನಿಯಲ್ಲಿ ಹೇಳಿದಳು. ಆ ಕಣಿವೆಯವರಿಗೆ ಒಂದು ಮಾತು ಹೇಳಿ ಬರಬೇಕೆಂದು ತೂಡಾ ನಾಳೆಯೇ ಹೊರಟಿದ್ದಾಳೆ.

ನಾನು ಅಳಬಾರದೆಂದಿದ್ದೆ. ಅತ್ತೆ. ಪಕ್ಕದಲ್ಲಿದ್ದ, ಮದುವೆಯ ವರ್ಷ ನನ್ನಿಂದ ದಂಡ ಹಾಕಿಸಿಕೊಂಡ ಗಂಡಸು ಬೆನ್ನು ತಟ್ಟಿ, "ಸಾಕು ಸುಮ್ಮನಿರೋ ಕಳ್ಳ" ಎಂದ.

ಆಗಸ್ಟ್ 10

ಬೆಳಗಿನ ಜಾವದಿಂದ ಊರೆಲ್ಲ ಸಾಲುಗಟ್ಟಿ ನಿಂತಿತ್ತು. ಕಣಿವೆಯ ಕೆಳಗಿನವರೆಗೆ ಕುರಿ, ಮೇಕೆ, ಹಸು, ಕಿವಿ ಕಿತ್ತುಹೋಗುವಂಥ ಅರಚಾಟ. ಗೂಟಗಳನ್ನೆಲ್ಲ ಹಿಂದಿನ ದಿನ ಕಚೇರಿಯವರು ಬಂದು ಕಿತ್ತಿದ್ದರು. ನನ್ನ ಹನ್ನೊಂದು ಕುರಿಗಳೊಡನೆ ನಾನು ಮುಂದಿನ ಸಾಲಿನಲ್ಲಿದ್ದೆ. ಹತ್ತೊಂಬತ್ತು ವರ್ಷ ಆಚೆ ನಿಂತು ಈ ಸಾಲನ್ನು ನೋಡಿದವನಿಗೆ ಈಚೆಯಿಂದ ಹುಲ್ಲು ಇಷ್ಟು ಹತ್ತಿರ ಕಾಣುತ್ತದೆಂದು ತಿಳಿದಿರಲಿಲ್ಲ. ಅದರ ವಾಸನೆಗೆ ನನ್ನ ಬಾಯಲ್ಲೂ ನೀರು ಬಂತು.

ಲಲ್ಲಾ ಇಜ್ಜಾ ಕಲ್ಲಿನ ಸಾಲಿನುದ್ದಕ್ಕೂ ಕೋಲು ಹಿಡಿದು ನಡೆದುಬರುತ್ತಿದ್ದಳು. ಬಿಸಿಲು ಕಲ್ಲಿಗೆ ತಾಗುವವರೆಗೆ ಯಾರೂ ಕದಲುವಂತಿಲ್ಲ. ಬಿಸಿಲು ಇನ್ನೂ ಹತ್ತು ಮಾರು ಮೇಲಿತ್ತು. ಅವಳು ನನ್ನ ಮುಂದೆ ಬಂದು ನಿಂತಳು.

"ದಾ ಬಿಹಿ. ಕಾಲು."

ಕೆಳಗೆ ನೋಡಿದೆ. ನನ್ನ ಎಡಗಾಲು ಅರ್ಧ ಪಾದದಷ್ಟು ಕಲ್ಲಿನಾಚೆಗೆ ಹೋಗಿತ್ತು. ಯಾವಾಗ ಹೋಯಿತೋ ದೇವರಾಣೆ ನನಗೆ ಗೊತ್ತಿಲ್ಲ. ಊರೆಲ್ಲ ನೋಡುತ್ತಿತ್ತು, ಯಾರೂ ನಗಲಿಲ್ಲ.

ಕಾಲು ಹಿಂದಕ್ಕೆ ತೆಗೆದುಕೊಂಡೆ. ಬಿಸಿಲು ಇಳಿದು ಬರುವುದನ್ನು ನೋಡುತ್ತ, ಉಳಿದವರೆಲ್ಲರ ಹಾಗೆ ನಿಂತೆ.